ಇನ್ನೊಂದು ಗುಳಿಗೆ ಸೇರಿಸುವ ಮುನ್ನ

ನಮ್ಮ ಕಚೇರಿಗೆ ಬರುವವರ ಅಹವಾಲು ಸಾಮಾನ್ಯವಾಗಿ ಬೋನಸ್ಸಿನದು, ತಡೆಹಿಡಿದ ಪಗಾರದ್ದು, ಅಂಗಡಿಯ ಲೈಸೆನ್ಸಿನದು. ಕೆಲವು ತಿಂಗಳ ಹಿಂದೆ ಬಂದ ತಂದೆಯೊಬ್ಬರು ಮೇಜಿನ ಮೇಲೆ ಇಟ್ಟದ್ದು ಒಂದು ಔಷಧದ ಚೀಟಿ. ಅವರು ಪೇಟೆಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟವರು; ಮಗ ನೂಲಿನ ಗಿರಣಿಯ ಕೆಲಸಗಾರ. "ಮೇಷ್ಟ್ರೇ, ಇದರಲ್ಲಿ ಆಗಲೇ ನಾಲ್ಕು ಗುಳಿಗೆ ಇವೆ. ಜ್ಞಾಪಕಶಕ್ತಿಗೆ ಅಂತ ಇನ್ನೊಂದು ಗುಳಿಗೆ, ಒಂದು ಟಾನಿಕ್ಕು ಇದೆಯಂತೆ. ತಿಂಗಳಿಗೆ ಸಾವಿರದ ಎಂಟುನೂರು ಆಗುತ್ತದಂತೆ. ಸೊಸೈಟಿಯಿಂದ ಸಾಲ ಕೊಡಿಸುತ್ತೀರಾ?" ಎಂದು ಕೇಳಿದರು.

ಮಗನಿಗೆ ಆರು ವರ್ಷದ ಹಿಂದೆ, ಇಪ್ಪತ್ತೆರಡರ ಪ್ರಾಯದಲ್ಲಿ, ಸ್ಕಿಜೋಫ್ರೀನಿಯಾ ಕಾಣಿಸಿಕೊಂಡಿತ್ತು. ಪುಸ್ತಕದವರು ಇದನ್ನು ಛಿದ್ರಮನಸ್ಕತೆ ಎನ್ನುತ್ತಾರೆ. ಕೇರಿಯವರು ಏನೆನ್ನುತ್ತಾರೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ಯಾರೂ ಆಡದ ಮಾತುಗಳು ಅವನ ಕಿವಿಗೆ ಬೀಳುತ್ತಿದ್ದವು. ಜೊತೆಯವರೆಲ್ಲ ತನ್ನ ಮೇಲೆ ಸಂಚು ಹೂಡಿದ್ದಾರೆಂಬ ಶಂಕೆ ಹತ್ತಿತ್ತು. ಚಿಕಿತ್ಸೆಯಾಯಿತು, ದನಿಗಳು ನಿಂತವು, ಶಂಕೆ ಇಳಿಯಿತು. ಆದರೆ ಗಿರಣಿಗೆ ಮರಳಿ ಬಂದವನು ಹಳೆಯ ಕೆಲಸಗಾರನಾಗಿರಲಿಲ್ಲ. ಒಂದು ಹರಿದ ಎಳೆಯನ್ನು ಕೂಡಿಸುತ್ತ ನಿಂತರೆ ಪಕ್ಕದಲ್ಲಿ ಮೂರು ಎಳೆ ಹರಿದದ್ದು ಅವನ ಗಮನಕ್ಕೆ ಬಾರದು. ಜಾಬರ್ ಮೂರು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನು ಮಾಡಿ ಸುಮ್ಮನೆ ನಿಂತುಬಿಡುವನು. ರಜೆಯ ದಿನ ಅಂಗಡಿಯಲ್ಲಿ ಕೂತರೂ ಅದೇ ಪಾಡು. ಗಿರಾಕಿ ಅಕ್ಕಿ, ಬೇಳೆ, ಸಾಬೂನು ಎಂದರೆ ಅಕ್ಕಿ ತೂಗುವಷ್ಟರಲ್ಲಿ ಉಳಿದೆರಡು ಮರೆತುಹೋಗಿರುತ್ತವೆ. ಉದ್ರಿ ಪುಸ್ತಕದಲ್ಲಿ ಒಬ್ಬರ ಬಾಕಿ ಇನ್ನೊಬ್ಬರ ಹೆಸರಿಗೆ ಬಿದ್ದಿರುತ್ತದೆ.

ಜಾಬರ್ ಅವನನ್ನು ಮೈಗಳ್ಳ ಎಂದ. ಅದಕ್ಕೆ ನಮಗೆ ಅಚ್ಚರಿಯಿಲ್ಲ. ಆದರೆ ಅದೇ ಮಾತನ್ನು ನಮ್ಮ ಸಂಘದ ಸಭೆಯಲ್ಲಿ ನಮ್ಮವರೇ ಆಡಿದರು, ನಾವು ಕೇಳಿಯೂ ಸುಮ್ಮನಿದ್ದೆವು. ಈ ಬರಹಕ್ಕೆ ಕಾರಣ ಆ ಮೌನವೂ ಹೌದು.

ಮೈಗಳ್ಳತನ ಬೇರೆ, ಇದು ಬೇರೆ. ಗಮನ ನಿಲ್ಲದಿರುವುದು, ಆಗಷ್ಟೆ ಕೇಳಿದ್ದು ಜಾರಿಹೋಗುವುದು, ಬುದ್ಧಿಯ ಓಟ ನಿಧಾನವಾಗುವುದು, ಯಾವುದು ಮೊದಲು ಯಾವುದು ಆಮೇಲೆ ಎಂಬ ಯೋಜನೆ ತಪ್ಪುವುದು, ಎದುರಿನವರ ಮುಖ ನೋಡಿ ಅವರ ಮನಸ್ಸು ಅರಿಯಲಾಗದಿರುವುದು, ಇವೆಲ್ಲ ಆ ರೋಗದ್ದೇ ಅಂಗಗಳು. ದನಿಗಳು ಕೇಳುವುದಕ್ಕಿಂತ ಎಷ್ಟೋ ಮುಂಚೆಯೇ ಇವು ಸಣ್ಣದಾಗಿ ಶುರುವಾಗಿರುತ್ತವೆ, ದನಿಗಳು ನಿಂತ ಮೇಲೂ ಉಳಿಯುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಕ್ರೇಪೆಲಿನ್ ಎಂಬ ವೈದ್ಯ ಈ ರೋಗಕ್ಕೆ ಇಟ್ಟ ಹೆಸರಿನ ಅರ್ಥವೇ ಅಕಾಲದಲ್ಲಿ ಬರುವ ಬುದ್ಧಿಮಾಂದ್ಯ ಎಂದು. ಆ ಹೆಸರು ಸರಿಯಲ್ಲವೆಂದು 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಬದಲಿಸಿದ. ಹೆಸರು ಹೋಯಿತು, ತೊಂದರೆ ಹೋಗಲಿಲ್ಲ. ಲೋಕದಲ್ಲಿ ಸುಮಾರು ಮುನ್ನೂರರಿಂದ ಮುನ್ನೂರೈವತ್ತು ಜನರಿಗೊಬ್ಬರಂತೆ ಈ ರೋಗದವರು ಇದ್ದಾರೆ. ನಮ್ಮ ಊರಿನ ಒಂದೊಂದು ವಾರ್ಡಿಗೆ ಎಷ್ಟಾಯಿತೆಂದು ವಾಚಕರೇ ಲೆಕ್ಕ ಹಾಕಲಿ. ಅವರಲ್ಲಿ ಹೆಚ್ಚಿನವರಿಗೆ ಕೆಲಸ ಕೈತಪ್ಪುವುದು ದನಿಗಳ ದೆಸೆಯಿಂದಲ್ಲ, ಈ ಮರೆವು ಮತ್ತು ನಿಧಾನದ ದೆಸೆಯಿಂದ.

ಇದಕ್ಕೆ ಗುಳಿಗೆಯುಂಟೆ? ಆ ತಂದೆಯ ಪ್ರಶ್ನೆ ಅದು. ನಾವು ಡಾಕ್ಟರಲ್ಲ, ಮೆಟ್ರಿಕ್ ಮುಗಿಸಿ ಪಾಠ ಹೇಳಿಕೊಂಡಿದ್ದವರು. ಆದರೆ ತಿಳಿದವರನ್ನು ಕೇಳಿ, ಸಿಕ್ಕಿದ್ದನ್ನು ಓದಿ, ಒಂದಿಷ್ಟು ಒಟ್ಟುಗೂಡಿಸಿದ್ದೇವೆ.

ಮೊದಲು ಮುಖ್ಯ ಔಷಧದ ಮಾತು. 1931ರಲ್ಲಿಯೇ ನಮ್ಮ ದೇಶದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ವೈದ್ಯರು ಸರ್ಪಗಂಧದ ಬೇರು ಚಿತ್ತಭ್ರಮಣೆಯನ್ನು ಶಮನ ಮಾಡುತ್ತದೆಂದು ಬರೆದಿದ್ದರು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ ಎಂಬವರು ಕ್ಲೋರ್‌ಪ್ರೊಮಝೀನ್ ಔಷಧದಿಂದ ಅದನ್ನೇ ಇನ್ನೂ ಚೆನ್ನಾಗಿ ಮಾಡಿ ತೋರಿಸಿದರು. ಅಂದಿನಿಂದ ಬಂದ ಈ ಜಾತಿಯ ಔಷಧಗಳು ಮೆದುಳಿನ ಡೋಪಮೈನ್ ಎಂಬ ರಸದ ಅಬ್ಬರವನ್ನು ತಗ್ಗಿಸಿ ದನಿ, ಶಂಕೆ, ಉದ್ರೇಕಗಳನ್ನು ಇಳಿಸುತ್ತವೆ. ಇದು ಸಣ್ಣ ಉಪಕಾರವಲ್ಲ. ನಮ್ಮದೇ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಹಳ್ಳಿಯ ರೋಗಿಗಳ ಬೆನ್ನು ಹಿಡಿದು ನೋಡಿದ್ದಾರೆ. ಚಿಕಿತ್ಸೆ ತಪ್ಪದೆ ನಡೆದವರಲ್ಲಿ ಅಶಕ್ತತೆ ಕಡಿಮೆಯಾಗಿರುವುದನ್ನು ಕಂಡಿದ್ದಾರೆ. ಆದಕಾರಣ ಈ ಬರಹ ಓದಿ ಯಾರೂ ಮುಖ್ಯ ಗುಳಿಗೆಯನ್ನು ಬಿಡಕೂಡದು. ಆದರೆ ಆ ಗುಳಿಗೆ ಮರೆವನ್ನು ಓಡಿಸುವುದಿಲ್ಲ. 1990ರ ದಶಕದಲ್ಲಿ ಹೊಸ ತಲೆಮಾರಿನ ದುಬಾರಿ ಔಷಧಗಳು ಬಂದಾಗ, ಇವು ಬುದ್ಧಿಯನ್ನೂ ಚುರುಕು ಮಾಡುತ್ತವೆಂದು ಭಾರಿ ಪ್ರಚಾರವಾಯಿತು. ಅಮೆರಿಕದ ಸರ್ಕಾರ ತನ್ನ ಹಣದಲ್ಲಿ ಸುಮಾರು ಒಂದೂವರೆ ಸಾವಿರ ರೋಗಿಗಳ ಮೇಲೆ ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಿತು. 2007ರಲ್ಲಿ ಹೊರಬಿದ್ದ ಲೆಕ್ಕದಲ್ಲಿ, ಬುದ್ಧಿಶಕ್ತಿಯ ಮಟ್ಟಿಗೆ ಹಳೆಯ ಅಗ್ಗದ ಪರ್ಫೆನಝೀನ್ ಹೊಸ ದುಬಾರಿಯವಕ್ಕಿಂತ ಹಿಂದೆ ಬಿದ್ದಿರಲಿಲ್ಲ.

ಮುಖ್ಯ ಗುಳಿಗೆಯಿಂದ ಆಗದಿದ್ದರೆ ಅದರ ಜೊತೆಗೆ ಇನ್ನೊಂದನ್ನು ಸೇರಿಸೋಣ ಎಂಬ ಯೋಚನೆ ಹುಟ್ಟಿತು. ಇದನ್ನು ಜೊತೆಗುಳಿಗೆ ಎಂದು ಕರೆಯೋಣ. ಅಳೆಯಲು ಒಂದು ತಕ್ಕಡಿ ಬೇಕಲ್ಲವೆ? ಅಮೆರಿಕದ ವಿದ್ವಾಂಸರು ಈ ಶತಮಾನದ ಆರಂಭದ ವರ್ಷಗಳಲ್ಲಿ ಕೂತು, ಬುದ್ಧಿಯ ಏಳು ಕ್ಷೇತ್ರಗಳನ್ನು ಗುರುತಿಸಿ, ಹತ್ತು ಪರೀಕ್ಷೆಗಳ ಒಂದು ಮಾಪನವನ್ನು ಮಾಡಿಟ್ಟರು. ಆಮೇಲೆ ಒಂದರ ಹಿಂದೊಂದು ಔಷಧ ಆ ತಕ್ಕಡಿಯನ್ನು ಹತ್ತಿತು.

ಮುಪ್ಪಿನ ಮರೆವಿಗೆ ಕೊಡುವ ಡೊನೆಪೆಝಿಲ್ ಗುಳಿಗೆಯನ್ನು ಸೇರಿಸಿ ನೋಡಿದರು. 2008ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಫಲ ಕಾಣಲಿಲ್ಲ. ಗ್ಲೈಸಿನ್ ಎಂಬ ಸಾಮಾನ್ಯ ವಸ್ತುವನ್ನು, ಡಿ-ಸೈಕ್ಲೋಸೆರಿನ್ ಎಂಬ ಹಳೆಯ ಕ್ಷಯದ ಔಷಧವನ್ನು ಅಮೆರಿಕ ಮತ್ತು ಇಸ್ರೇಲಿನಲ್ಲಿ ಪರೀಕ್ಷಿಸಿದರು; 2007ರಲ್ಲಿ ಅದೂ ಬರಿಗೈಯಾಯಿತು. ತಂಬಾಕಿನ ನಿಕೋಟಿನ್ ಮೆದುಳಿನಲ್ಲಿ ಹಿಡಿಯುವ ಜಾಗವನ್ನೇ ಹಿಡಿಯುವ ಎನ್ಸೆನಿಕ್ಲಿನ್ ಎಂಬುದು ಸಣ್ಣ ಪರೀಕ್ಷೆಯಲ್ಲಿ ಗೆದ್ದು, 2016ರಲ್ಲಿ ದೊಡ್ಡ ಪರೀಕ್ಷೆಯಲ್ಲಿ ಸೋತಿತು.

ಇವುಗಳಲ್ಲಿ ಅತಿ ಹೆಚ್ಚು ಆಸೆ ಹುಟ್ಟಿಸಿದ್ದು ಐಕ್ಲೆಪರ್ಟಿನ್. ಜರ್ಮನಿಯ ಬೊರಿಂಗರ್ ಇಂಗೆಲ್‌ಹೈಮ್ ಕಂಪನಿಯ ಔಷಧ. ಮೆದುಳಿನ ಕೋಶಗಳ ನಡುವೆ ಗ್ಲೈಸಿನ್ ಸುರಿದಾಗ ಅದನ್ನು ಹೀರಿಕೊಂಡು ಒಯ್ಯುವ ಒಂದು ಪಂಪಿದೆ. ಆ ಪಂಪಿಗೆ ಅಡ್ಡಗಟ್ಟಿದರೆ ಗ್ಲೈಸಿನ್ ಇದ್ದಲ್ಲೇ ಹೆಚ್ಚು ಹೊತ್ತು ನಿಂತು, ಕಲಿಕೆ ನೆನಪುಗಳಿಗೆ ಬೇಕಾದ ದ್ವಾರಗಳನ್ನು ಚುರುಕುಗೊಳಿಸೀತು ಎಂಬುದು ಲೆಕ್ಕಾಚಾರ. 2021ರಲ್ಲಿ 509 ರೋಗಿಗಳ ಮೇಲಿನ ಹನ್ನೆರಡು ವಾರಗಳ ಪರೀಕ್ಷೆಯ ಫಲ ಹೊರಬಂತು. ದಿನಕ್ಕೆ 10 ಮತ್ತು 25 ಮಿಲಿಗ್ರಾಂ ನುಂಗಿದವರು ಹುಸಿಗುಳಿಗೆಯವರಿಗಿಂತ ಅಂಕದಲ್ಲಿ ಮುಂದಿದ್ದರು. ಕಂಪನಿ ಮೂರು ದೊಡ್ಡ ಪರೀಕ್ಷೆಗಳನ್ನು ಹಲವು ದೇಶಗಳಲ್ಲಿ ಹೂಡಿತು. ಒಂದೂವರೆ ಸಾವಿರಕ್ಕೂ ಮಿಕ್ಕ ಜನ, ಆರು ತಿಂಗಳು, ಮುಖ್ಯ ಔಷಧದ ಜೊತೆಗೆ ದಿನಕ್ಕೊಂದು 10 ಮಿಲಿಗ್ರಾಂ ಗುಳಿಗೆ. 2025ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಂಡಿತು: ಬುದ್ಧಿಶಕ್ತಿಯಲ್ಲಾಗಲಿ ದಿನನಿತ್ಯದ ಕೆಲಸದಲ್ಲಾಗಲಿ ಹುಸಿಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

ಹುಸಿಗುಳಿಗೆ ಎಂದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಟಾನಿಕ್ಕು ಮಾರುವವರ ವ್ಯಾಪಾರವೆಲ್ಲ ಇಲ್ಲಿಯೇ ನಿಂತಿದೆ. ಅರ್ಧ ಜನರಿಗೆ ಔಷಧ, ಇನ್ನರ್ಧ ಜನರಿಗೆ ಅದೇ ಬಣ್ಣ ಆಕಾರದ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕೊಡುವವನಿಗೂ ತಿಳಿಯದು, ನುಂಗುವವನಿಗೂ ತಿಳಿಯದು. ಡೊನೆಪೆಝಿಲ್ ಪರೀಕ್ಷೆಯಲ್ಲಿ ಔಷಧವಿಲ್ಲದ ಗುಳಿಗೆಯವರೂ ಹಿಂದೆ ಬೀಳದೆ ಅಂಕಗಳಲ್ಲಿ ಮೇಲೇರಿದರು. ಅದು ಹೇಗೆ? ಮೇಷ್ಟರುಗಳಿಗೆ ಇದು ಗೊತ್ತಿರುವ ಗುಟ್ಟು. ಅದೇ ಪ್ರಶ್ನೆಪತ್ರಿಕೆಯನ್ನು ಎರಡನೆಯ ಸಲ ಕೊಟ್ಟರೆ ಹಿಂದಿನ ಬೆಂಚಿನವನೂ ನಾಲ್ಕು ಅಂಕ ಹೆಚ್ಚು ತೆಗೆಯುತ್ತಾನೆ. ಯಾರೋ ವಾರವಾರ ಬಂದು ಮಾತಾಡಿಸಿ, ನಿನ್ನ ನೆನಪು ಹೇಗಿದೆ ಎಂದು ವಿಚಾರಿಸಿದರೂ ಮನುಷ್ಯ ಅರಳುತ್ತಾನೆ. "ನಮ್ಮ ಹುಡುಗನಿಗೆ ಕೊಟ್ಟೆವು, ಗುಣ ಕಂಡಿತು" ಎಂಬ ಪ್ರಾಮಾಣಿಕ ಮಾತಿನಿಂದಲೂ ಔಷಧದ ಗುಣ ರುಜುವಾಗದಿರುವುದು ಈ ಕಾರಣಕ್ಕೆ.

ಹೊಸದೊಂದು ಔಷಧ ಬಂದಿದೆಯಲ್ಲ ಎನ್ನುವವರಿದ್ದಾರೆ. ಹೌದು, 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಕೊಬೆನ್‌ಫಿ ಎಂಬುದಕ್ಕೆ ಒಪ್ಪಿಗೆ ಸಿಕ್ಕಿತು. ಅದು ಡೋಪಮೈನಿನ ಹಳೆಯ ದಾರಿ ಬಿಟ್ಟು ಬೇರೆ ದಾರಿ ಹಿಡಿದದ್ದು ನಿಜ, ಸಂತೋಷದ ಸಂಗತಿಯೂ ನಿಜ. ಆದರೆ ಒಪ್ಪಿಗೆ ಸಿಕ್ಕಿದ್ದು ಸ್ಕಿಜೋಫ್ರೀನಿಯಾ ರೋಗಕ್ಕೆ ಒಂಟಿಯಾಗಿ ಕೊಡಲು, ಮರೆವಿಗೆ ಜೊತೆಗುಳಿಗೆಯಾಗಿ ಅಲ್ಲ. ದನಿ ಶಂಕೆಗಳಿಗೆಂದು ಇತರ ಔಷಧದ ಜೊತೆ ಸೇರಿಸಿ ನಡೆಸಿದ ಪರೀಕ್ಷೆ 2025ರ ಏಪ್ರಿಲಿನಲ್ಲಿ ಗುರಿ ಮುಟ್ಟಲಿಲ್ಲ. ಬಿಡುಗಡೆಯ ಹೊತ್ತಿಗೆ ಅಲ್ಲಿ ಇಟ್ಟ ಬೆಲೆ ತಿಂಗಳಿಗೆ 1,850 ಡಾಲರ್, ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಗಿರಣಿ ಕೆಲಸಗಾರನ ಮಟ್ಟಿಗೆ ಅದು ಚಂದ್ರಲೋಕದ ಔಷಧ.

ಸಂಶೋಧನೆ ನಿಲ್ಲಲಿ ಎಂದು ನಾವು ಹೇಳುತ್ತಿಲ್ಲ. ಸೋತ ಪರೀಕ್ಷೆಯೂ ಜ್ಞಾನವೇ. ಸೋಲನ್ನು ಬಹಿರಂಗವಾಗಿ ಹೇಳಿದವರಿಗೆ ಅಷ್ಟರ ಮಟ್ಟಿಗೆ ಮರ್ಯಾದೆ ಸಲ್ಲಬೇಕು. ನಾವು ಹೇಳುವುದು ಇಷ್ಟು. ಕೋಟಿಗಟ್ಟಲೆ ಹಣ ಸುರಿದವರಿಗೇ ಸಿಗದ ಗುಳಿಗೆ ನಮ್ಮ ಪೇಟೆಯ ಔಷಧದಂಗಡಿಯ ಕಪಾಟಿನಲ್ಲಿ ಸಾವಿರದ ಎಂಟುನೂರಕ್ಕೆ ಕೂತಿಲ್ಲ. ಆ ತಂದೆಗೂ ಅದನ್ನೇ ಹೇಳಿ, ಸಾಲದ ಅರ್ಜಿ ಬರೆಯದೆ, ಗುಳಿಗೆಯ ಹಾಳೆಗಳನ್ನೆಲ್ಲ ತರಲು ಹೇಳಿದೆವು.

ಚೀಟಿಯನ್ನೂ ಹಾಳೆಗಳನ್ನೂ ಮುಂದಿಟ್ಟುಕೊಂಡು ಒಂದೊಂದಾಗಿ ಹೆಸರು ಓದಿದೆವು. ಅವುಗಳಲ್ಲಿ ಒಂದು ಟ್ರೈಹೆಕ್ಸಿಫೆನಿಡಿಲ್. ಹೆಸರು ಉದ್ದ, ಬೆಲೆ ಕಡಿಮೆ, ನಮ್ಮ ಕಡೆ ಈ ರೋಗಿಗಳ ಚೀಟಿಗಳಲ್ಲಿ ಬಹಳವಾಗಿ ಕಾಣುವ ಗುಳಿಗೆ. ಮುಖ್ಯ ಔಷಧದಿಂದ ಕೈನಡುಕ, ಮೈಬಿಗಿತ ಬಂದಾಗ ಅದನ್ನು ಇಳಿಸಲು ಕೊಡುವುದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಅದು ಕೆಲಸ ಮಾಡುವುದು ಅಸಿಟೈಲ್‌ಕೋಲಿನ್ ಎಂಬ ರಸಕ್ಕೆ ಅಡ್ಡಗಟ್ಟಿ. ನೆನಪಿಗೆ ಬೇಕಾದ್ದೂ ಅದೇ ರಸ. ಮುಪ್ಪಿನ ಮರೆವಿಗೆ ಕೊಡುವ ಡೊನೆಪೆಝಿಲ್ ಮಾಡುವುದು ಆ ರಸವನ್ನು ಹೆಚ್ಚಿಸುವ ಕೆಲಸ, ಇದು ಮಾಡುವುದು ಅದಕ್ಕೆ ಅಗುಳಿ ಹಾಕುವ ಕೆಲಸ. ಒಂದು ಕೈಯಲ್ಲಿ ಅಗುಳಿ ಹಾಕಿ ಇನ್ನೊಂದು ಕೈಯಲ್ಲಿ ಬಾಗಿಲು ತಳ್ಳಿದರೆ ಏನು ಬಂತು?

ಇಂಥ ಔಷಧಗಳ ಹೊರೆ ಹೆಚ್ಚಿದಷ್ಟೂ ಬುದ್ಧಿಪರೀಕ್ಷೆಯ ಅಂಕ ಇಳಿದಿರುವುದನ್ನು 2021ರಲ್ಲಿ ಅಮೆರಿಕದವರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಕಂಡಿದ್ದಾರೆ. ನಡುಕ ಬಾರದಿರಲಿ ಎಂದು ಮುಂಜಾಗ್ರತೆಗಾಗಿ ಎಲ್ಲರಿಗೂ ಇದನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೂ ನಮ್ಮ ದೇಶದಲ್ಲಿ ಮುಖ್ಯ ಔಷಧವನ್ನೂ ಇದನ್ನೂ ಒಂದೇ ಗುಳಿಗೆಯಲ್ಲಿ ಬೆರೆಸಿ ಮಾರುವುದುಂಟು. ಹೆಸರಿನ ಕೊನೆಗೆ 'ಪ್ಲಸ್' ಎಂದಿದ್ದರೆ ಹಾಳೆಯ ಹಿಂದಿನ ಸಣ್ಣಕ್ಷರಗಳನ್ನು ಓದಿ ನೋಡಿ. ಒಂದು ನುಂಗುತ್ತಿದ್ದೇವೆಂದುಕೊಂಡವರು ಎರಡು ನುಂಗುತ್ತಿರಬಹುದು.

ಇಲ್ಲಿ ಒಂದು ಎಚ್ಚರಿಕೆ, ದಪ್ಪಕ್ಷರದಲ್ಲಿ ಬರೆದಿದ್ದೇವೆಂದೇ ತಿಳಿಯಿರಿ. ಈ ಗುಳಿಗೆಯನ್ನು ನೀವೇ ನಿಲ್ಲಿಸಬಾರದು. ಕೆಲವರಿಗೆ ಅದು ನಿಜವಾಗಿ ಬೇಕು. ಥಟ್ಟನೆ ನಿಲ್ಲಿಸಿದರೆ ಬಿಗಿತ, ನಡುಕ, ನಿದ್ರೆಗೆಡುವುದು ಮರುಕಳಿಸಬಹುದು. ಡಾಕ್ಟರನ್ನು ಕೇಳಬೇಕು: ಇದು ಇನ್ನೂ ಬೇಕೆ? ಕಡಿಮೆ ಮಾಡಬಹುದೆ? ಮುಖ್ಯ ಔಷಧದ ಪ್ರಮಾಣ ತಗ್ಗಿಸಿದರೆ ನಡುಕವೇ ಇರದೆ ಹೋದೀತೆ? ನಿದ್ರೆಗೆಂದು ಶುರು ಮಾಡಿದ್ದು ಇನ್ನೂ ಯಾಕೆ ನಡೆದಿದೆ? ಕೇಳುವುದು ಉದ್ಧಟತನವಲ್ಲ. ರಶೀದಿ ಕೇಳುವ ಗಿರಾಕಿಯನ್ನು ಯಾವ ನ್ಯಾಯವಾದ ಅಂಗಡಿಯವನೂ ಬಯ್ಯುವುದಿಲ್ಲ.

ತಂದೆ ಮಗನ ಜೊತೆ ನಾವೂ ತಾಲೂಕು ಆಸ್ಪತ್ರೆಗೆ ಹೋದೆವು. ಅಲ್ಲಿಗೆ ಬಂದ ಮನೋವೈದ್ಯರ ಎದುರು ಎಪ್ಪತ್ತು ಎಂಬತ್ತು ಜನರ ಸಾಲು. ನಮ್ಮ ಪಾಳಿ ಬಂದಾಗ ಅವರು ಚೀಟಿ ನೋಡಿ, "ಇದನ್ನು ಎಂದೋ ತೆಗೆಯಬೇಕಿತ್ತು, ಕೇಳಿದ್ದು ಒಳ್ಳೆಯದಾಯಿತು" ಎಂದರು. ನಾಲ್ಕು ತಿಂಗಳಲ್ಲಿ ಮೆಲ್ಲಮೆಲ್ಲಗೆ ಇಳಿಸಿ ನಿಲ್ಲಿಸಿದರು. ನಡುಕ ಮರಳಲಿಲ್ಲ. ಈಗ ಮೂರು ಸಾಮಾನು ಹೇಳಿದರೆ ಎರಡು ನೆನಪಿರುತ್ತವೆಂದು ತಂದೆ ಹೇಳುತ್ತಾರೆ. ನಾವು ಮೇಲೆ ಬರೆದ ತರ್ಕದಂತೆ ಇದು ರುಜುವಾತಲ್ಲ, ಒಬ್ಬನ ಕತೆ. ಆ ಡಾಕ್ಟರನ್ನೂ ನಾವು ದೂರುವುದಿಲ್ಲ, ಹಿಂದೆ ಬರೆದವರನ್ನೂ ದೂರುವುದಿಲ್ಲ. ಎಂಬತ್ತು ಜನರನ್ನು ಒಂದು ಮಧ್ಯಾಹ್ನದಲ್ಲಿ ನೋಡಬೇಕಾದವರು ಹಳೆಯ ಚೀಟಿಯನ್ನೇ ಮತ್ತೆ ಬರೆದುಬಿಡುವುದು ಸಹಜ. ಗುಳಿಗೆ ಸೇರಿಸಲು ಅರ್ಧ ನಿಮಿಷ ಸಾಕು, ತೆಗೆಯಲು ಸಮಯ ಬೇಕು. ಆ ಸಮಯ ಬರುವುದು ಹೆಚ್ಚು ಡಾಕ್ಟರುಗಳನ್ನು ನೇಮಿಸಿದಾಗ. ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ದಾರಿ ತೋರಿಸಿದ್ದು 1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆ. ಅಂಥ ನಾಡಿನಲ್ಲಿ ಇಂಥ ಸಾಲುಗಳಿರಬಾರದು.

ಇನ್ನು ಸೇರಿಸಬೇಕಾದ್ದು ಏನೂ ಇಲ್ಲವೆ? ಇದೆ, ಆದರೆ ಅದು ಬಾಟಲಿಯಲ್ಲಿ ಬರುವುದಿಲ್ಲ. ಗಮನ, ನೆನಪು, ಯೋಜನೆಗಳನ್ನು ದಿನದಿನವೂ ಅಭ್ಯಾಸ ಮಾಡಿಸುವ ತರಬೇತಿಯೊಂದಿದೆ. 2021ರಲ್ಲಿ 130 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಅದರ ಲಾಭ ಸಣ್ಣದು, ಆದರೆ ನಿಜ ಎಂದು ಕಂಡಿತು. ಕಲಿಸಲು ನುರಿತವರಿದ್ದು, ಜೊತೆಗೆ ಉದ್ಯೋಗದ ಪುನರ್ವಸತಿಯೂ ಇದ್ದರೆ ಲಾಭ ಹೆಚ್ಚು. ನಿಮ್ಹಾನ್ಸ್‌ನವರು 2012ರಲ್ಲಿ, ರೋಗ ಮೊದಲ ಸಲ ಕಾಣಿಸಿಕೊಂಡವರಿಗೆ ಮನೆಯಲ್ಲೇ ಮಾಡಿಸುವ ಇಂಥ ಅಭ್ಯಾಸದಿಂದ ಕೆಲವು ಶಕ್ತಿಗಳು ಸುಧಾರಿಸಿದ್ದನ್ನು ತೋರಿಸಿದ್ದಾರೆ. ಬೆರೆತ ಕಾಳುಗಳನ್ನು ಬೇರ್ಪಡಿಸುವುದು, ಅಚ್ಚಾದ ಪುಟದಲ್ಲಿ ಹೇಳಿದ ಅಕ್ಷರವನ್ನೆಲ್ಲ ಹುಡುಕಿ ಗೀಟು ಹಾಕುವುದು, ಇಂಥ ಸಾಮಗ್ರಿಗಳೇ ಈ ವಿದ್ಯೆಗೆ ಸಾಕಾಗುತ್ತವೆ. ಕಿರಾಣಿ ಅಂಗಡಿಯಲ್ಲಿ ಕಾಳಿಗೆ ಬರವೆ? ಅಲ್ಲಿಯೇ ಯೋಗವನ್ನು ಜೊತೆಚಿಕಿತ್ಸೆಯಾಗಿ ಕೊಟ್ಟು ನೋಡಿದಾಗ ಎದುರಿನವರ ಮುಖಭಾವ ಓದುವ ಶಕ್ತಿ ಹೆಚ್ಚಿದ್ದು 2011ರಲ್ಲಿ ವರದಿಯಾಗಿದೆ. ಇದಕ್ಕೆಲ್ಲ ಏಜೆಂಟರಿಲ್ಲ, ಬ್ಯಾಗು ಹಿಡಿದು ಬಾಗಿಲಿಗೆ ಬಂದು ಹೇಳುವವರಿಲ್ಲ, ಆದ್ದರಿಂದ ನಮ್ಮ ಕಿವಿಗೆ ಬಿದ್ದಿಲ್ಲ.

ಕಾನೂನಿನ ಮಾತೂ ನಮ್ಮ ಕಿವಿಗೆ ಬಿದ್ದಿರಲಿಲ್ಲ ಎಂದು ನಾಚಿಕೆಯಿಂದ ಹೇಳಬೇಕಾಗಿದೆ. ಇ.ಎಸ್.ಐ. ವಿಮೆಯಲ್ಲಿ ದೀರ್ಘಕಾಲದ ಕಾಯಿಲೆಗಳ ಒಂದು ಪಟ್ಟಿ ಇದೆ. ಅದರಲ್ಲಿ ಸ್ಕಿಜೋಫ್ರೀನಿಯಾ ಇದೆ. ಎರಡು ವರ್ಷ ವಿಮೆಯ ಕೆಲಸದಲ್ಲಿದ್ದು ವಂತಿಗೆ ಸರಿಯಾಗಿ ಕಟ್ಟಿದವನಿಗೆ ಕೂಲಿಯ ಶೇಕಡ 80ರಷ್ಟು ಭತ್ಯೆ ಎರಡು ವರ್ಷದವರೆಗೆ ಸಿಗಬಹುದು. ಈ ಹುಡುಗ ಕಾಯಿಲೆ ಬಿದ್ದಾಗ ಐದು ತಿಂಗಳು ಪಗಾರವಿಲ್ಲದೆ ಮನೆಯಲ್ಲಿದ್ದ. ಅರ್ಹತೆ ಇತ್ತೇ ಇಲ್ಲವೇ ಎಂದು ಕೇಳಿ ನೋಡಿದವರೇ ಇಲ್ಲ, ಕೇಳಬೇಕಾದವರು ನಾವಾಗಿದ್ದೆವು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದು ಸರ್ಕಾರಿ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗಬೇಕು. ಇಲ್ಲ ಎಂದರೆ ಬರಹದಲ್ಲಿ ಕೊಡಿ ಎಂದು ಕೇಳಿ, ನಮಗೆ ತಂದು ತೋರಿಸಿ.

ಗಿರಣಿಯ ಆಡಳಿತದ ಮುಂದೆ ನಾವಿಟ್ಟ ಬೇಡಿಕೆ ಒಂದು ಹಾಳೆಯೂ ಆಗಲಿಲ್ಲ. ಹುಡುಗನಿಗೆ ರಾತ್ರಿ ಪಾಳಿ ಬೇಡ, ನಿದ್ರೆ ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ದಿನಕ್ಕೊಂದು ಜಾಗ ಬದಲಿಸಬೇಡಿ, ಒಂದೇ ಕಡೆ ಹಾಕಿ. ಕೆಲಸವನ್ನು ಒಂದೊಂದಾಗಿ ಹೇಳಿ, ಸಾಧ್ಯವಾದರೆ ಗೋಡೆಯ ಹಲಗೆಯ ಮೇಲೆ ಬರೆಯಿರಿ. "ಇದೇನು ಶಾಲೆಯೇ?" ಎಂದು ಒಬ್ಬ ಅಧಿಕಾರಿ ನಕ್ಕರು. ಹಲಗೆಯ ಬೆಲೆ ನೂರೈವತ್ತು ರೂಪಾಯಿ, ಬೇಕಿದ್ದರೆ ಸಂಘವೇ ಕೊಡುತ್ತದೆ ಎಂದೆವು. ಮೂರು ತಿಂಗಳು ಪರೀಕ್ಷಾರ್ಥವಾಗಿ ಒಪ್ಪಿದ್ದಾರೆ. ಹಲಗೆ ತೂಗುಹಾಕಿ ಎರಡು ತಿಂಗಳಾಯಿತು; ಈಗ ಆ ಸಾಲಿನ ಉಳಿದ ಕೆಲಸಗಾರರೂ ಅದನ್ನೇ ನೋಡಿಕೊಂಡು ಕೆಲಸ ಹಿಡಿಯುತ್ತಾರೆ.

ಅವಧಿ ಮುಂದಿನ ತಿಂಗಳ ಕೊನೆಗೆ ಮುಗಿಯುತ್ತದೆ. ಈ ಏರ್ಪಾಟನ್ನು ಕಾಯಂ ಮಾಡಬೇಕೆಂಬ ಅರ್ಜಿ ತಯಾರಾಗಿದೆ. ಆ ಖಾತೆಯ ಇಬ್ಬರು ಜಾಬರುಗಳಲ್ಲಿ ಒಬ್ಬರು ಸಹಿ ಹಾಕಿದ್ದಾರೆ, ಇನ್ನೊಬ್ಬರು ಇನ್ನೂ ಹಾಕಿಲ್ಲ.